ಕಿವಿಗೆ ಇಂಗ್ಲಿಷ್ ಕಲಿಸುವುದು

ಕೆಲವು ವರ್ಷಗಳ ಹಿಂದೆ, ದಸರಾ ರಜೆಯಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಳ್ಳಿಯ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಓದಿ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಇಂಗ್ಲಿಷಿಗೂ ಒಳ್ಳೆಯ ಅಂಕಗಳನ್ನೇ ಪಡೆದು, ನಗರದ ಕಾಲೇಜೊಂದರಲ್ಲಿ ಪಿ.ಯು.ಸಿ. ವಿಜ್ಞಾನ ವಿಭಾಗಕ್ಕೆ ಸೇರಿದ್ದ ಹುಡುಗ. ಓದು ಹೇಗೆ ಸಾಗಿದೆಯೆಂದು ವಿಚಾರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೋರ್ಡಿನ ಮೇಲೆ ಬರೆದದ್ದು ತಿಳೀತದೆ ಸಾರ್, ಬಾಯಲ್ಲಿ ಹೇಳಿದ್ದು ತಿಳಿಯೋದಿಲ್ಲ" ಎಂದ. ರಜೆ ಮುಗಿದ ಮೇಲೆ ಅವನು ಆ ಕಾಲೇಜಿಗೆ ಹಿಂದಿರುಗಲಿಲ್ಲ. ಅವನಿಗೆ ಮೂರು ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನೇ.

ಅವನ ಮಾತನ್ನು ನಾನು ಅನೇಕ ಸಲ ಮೆಲುಕು ಹಾಕಿದ್ದೇನೆ. ಪಾಠದಲ್ಲಿ ಬಂದ ಶಬ್ದಗಳು ಅವನಿಗೆ ಹೊಸವಾಗಿರಲಿಲ್ಲ. ಬರೆದು ತೋರಿಸಿದರೆ ಗುರುತಿಸುತ್ತಿದ್ದ. ವ್ಯಾಕರಣವನ್ನೂ ಅರಿಯದವನಲ್ಲ. ಅವನ ಕಣ್ಣಿಗೆ ಬರುತ್ತಿದ್ದ ಇಂಗ್ಲಿಷ್ ಅವನ ಕಿವಿಗೆ ಬರುತ್ತಿರಲಿಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಎಂದರೆ ಹತ್ತನೆಯ ತರಗತಿಯನ್ನು ದಾಟುವ ಹೊತ್ತಿಗೆ ಮಗು ಹತ್ತು ವರ್ಷ ಆ ಭಾಷೆಯೊಡನೆ ಕಳೆದಿರುತ್ತದೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳ ಹೆಸರು ಪಠ್ಯಪುಸ್ತಕಗಳ ಮುನ್ನುಡಿಯಲ್ಲಿ ತಪ್ಪದೆ ಬರುತ್ತದೆ. ಅಲ್ಲಿ ಕೇಳುವುದಕ್ಕೇ ಮೊದಲ ಸ್ಥಾನ. ತರಗತಿಯೊಳಗೆ ಬಂದಾಗ ಮಾತ್ರ ಸಾಲು ತಿರುಗುಮುರುಗಾಗಿ ಅದು ಕಟ್ಟಕಡೆಗೆ ನಿಲ್ಲುತ್ತದೆ. ಅಂತಿಮ ಪರೀಕ್ಷೆ ನಡೆಯುವುದು ಬರವಣಿಗೆಯಲ್ಲಿ. ಪರೀಕ್ಷೆ ಕೇಳದೆ ಇರುವುದನ್ನು ಪಾಠ ಹೇಳುವವರು ವಿರಳ.

ಇದು ವಿಚಿತ್ರವೇ ಸರಿ. ಶ್ರವಣ, ಮನನ, ನಿದಿಧ್ಯಾಸನ ಎಂದು ಕಲಿಕೆಯ ಕ್ರಮವನ್ನು ಹೇಳಿದ ನಾಡು ನಮ್ಮದು. ಬಹಳ ಓದಿದವನನ್ನೂ ನಾವು ಬಹುಶ್ರುತ, ಎಂದರೆ ಬಹಳ ಕೇಳಿದವನು, ಎಂದೇ ಕರೆಯುತ್ತೇವೆ. ಕನ್ನಡದ 'ಕೇಳು' ಎಂಬ ಧಾತುವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಒಂದೇ ಪದವನ್ನು ಕೊಟ್ಟಿದೆ. ಈ ಎರಡನೆಯ ಅರ್ಥವನ್ನು ಸ್ವಲ್ಪ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ; ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಕೇಳುವುದೆಂದರೆ ಕಿವಿಯನ್ನು ತೆರೆದಿಟ್ಟುಕೊಂಡು ಕುಳಿತಿರುವುದು, ಮಾತು ತಾನಾಗಿ ಒಳಗೆ ಬಂದು ಬೀಳುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವ ಹಾಗಿಲ್ಲ. 1960ರ ದಶಕದ ಆರಂಭದಲ್ಲಿ ಪೊಲ್ಲಾಕ್ ಮತ್ತು ಪಿಕೆಟ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು, ಸಹಜವಾಗಿ ನಡೆದ ಸಂಭಾಷಣೆಯನ್ನು ಧ್ವನಿಮುದ್ರಿಸಿ, ಅದರಿಂದ ಬಿಡಿ ಪದಗಳನ್ನು ಕತ್ತರಿಸಿ ತೆಗೆದು, ಇಂಗ್ಲಿಷ್ ಮಾತೃಭಾಷೆಯವರಿಗೇ ಕೇಳಿಸಿದರು. ಹಾಗೆ ಒಂಟಿಯಾಗಿ ಕೇಳಿಸಿದಾಗ ಸುಮಾರು ಅರ್ಧದಷ್ಟು ಪದಗಳು ಮಾತ್ರ ಕೇಳುಗರಿಗೆ ತಿಳಿದವು. ಅಕ್ಕಪಕ್ಕದ ಪದಗಳನ್ನು ಜೊತೆಗೂಡಿಸಿದಂತೆ ಗುರುತು ಸಿಗುತ್ತ ಹೋಯಿತು. ಮಾತನಾಡುವವನ ಬಾಯಿಂದ ಹೊರಡುವುದು ಅರ್ಧ ಸವೆದ ನಾಣ್ಯ. ಅದರ ಮೇಲಿನ ಮುದ್ರೆಯನ್ನು ಕೇಳುವವನು ತನ್ನ ತಿಳಿವಳಿಕೆಯಿಂದ ತುಂಬಿಕೊಳ್ಳುತ್ತಾನೆ. ಮಾತೃಭಾಷೆಯಲ್ಲಿ ಈ ಕೆಲಸ ಕ್ಷಣಾರ್ಧದಲ್ಲಿ ನಡೆದುಹೋಗುವುದರಿಂದ ಅದು ನಡೆಯುತ್ತಿದೆ ಎಂಬ ಅರಿವೂ ನಮಗಿರುವುದಿಲ್ಲ.

ಹಳ್ಳಿಯಲ್ಲಿ ಗಮಕಿಗಳು ಜೈಮಿನಿ ಭಾರತವನ್ನೋ ಗದುಗಿನ ಭಾರತವನ್ನೋ ವಾಚನ ಮಾಡುವಾಗ ಅಕ್ಷರಾಭ್ಯಾಸವಿಲ್ಲದ ಹಿರಿಯರು ತಲೆದೂಗುವುದನ್ನು ನೋಡಿದ್ದೇವೆ. ನಡುಗನ್ನಡದ ಪ್ರತಿಯೊಂದು ಪದವೂ ಅವರಿಗೆ ಅರ್ಥವಾಗುತ್ತಿತ್ತೆ? ಖಂಡಿತ ಇಲ್ಲ. ಕಥೆ ಅವರಿಗೆ ಗೊತ್ತಿತ್ತು, ಮುಂದೇನಾಗುತ್ತದೆಂಬ ನಿರೀಕ್ಷೆ ಇತ್ತು. ಆ ನಿರೀಕ್ಷೆಯ ಬಲದಿಂದ ತಿಳಿಯದ ಪದಗಳನ್ನು ದಾಟಿಕೊಂಡು ಹೋಗುತ್ತಿದ್ದರು. ನನ್ನ ಸಹಪಾಠಿಗಳಲ್ಲಿ ಇಬ್ಬರು ಮೂವರು, ತರಗತಿಯಲ್ಲಿ ಒಂದು ಇಂಗ್ಲಿಷ್ ವಾಕ್ಯಕ್ಕೂ ತಲೆ ಎತ್ತದವರು, ಟ್ರಾನ್ಸಿಸ್ಟರನ್ನು ಕಿವಿಗೆ ಆನಿಸಿಕೊಂಡು ಇಂಗ್ಲಿಷಿನ ಕ್ರಿಕೆಟ್ ವೀಕ್ಷಕ ವಿವರಣೆಯನ್ನು ಓವರಿನಿಂದ ಓವರಿಗೆ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಆಟ ಗೊತ್ತಿತ್ತು, ಆಟಗಾರರು ಗೊತ್ತಿದ್ದರು, ಚೆಂಡು ಎಲ್ಲೆಲ್ಲಿಗೆ ಹೋಗಬಹುದು ಎಂಬುದು ಗೊತ್ತಿತ್ತು. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಮ್ಮ ಉಪಾಧ್ಯಾಯರು ನಂಬಿದ್ದರು. ಅವರೂ ಹಾಗೆಯೇ ನಂಬಿದ್ದರು.

ಆದುದರಿಂದ, ಕೇಳಿಸುವ ಮೊದಲು ವಿಷಯವನ್ನು ಪರಿಚಯಿಸಬೇಕು ಎಂಬುದು ಈ ಶಿಕ್ಷಣದ ಮೊದಲ ಪಾಠ. ಅದನ್ನು ಕನ್ನಡದಲ್ಲಿಯೇ ಪರಿಚಯಿಸಿದರೂ ದೋಷವಿಲ್ಲ. ಇದಕ್ಕಿಂತ ಹೆಚ್ಚು ಈ ಬಗ್ಗೆ ಹೇಳಬೇಕಾದ್ದಿಲ್ಲ. ಏಕೆಂದರೆ ನಿಜವಾದ ತೊಡಕಿರುವುದು ಇನ್ನೊಂದು ಕಡೆ, ಧ್ವನಿಯಲ್ಲಿ.

ಕನ್ನಡದಲ್ಲಿ ಬರೆದ ಅಕ್ಷರಗಳಿಗೆಲ್ಲ ಉಚ್ಚಾರದಲ್ಲಿ ಪಾಲುಂಟು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಬಡವನಿಗೂ ಊಟದ ಪಂಕ್ತಿಯಲ್ಲಿ ಎಲೆ ಹಾಕಿದಂತೆ. ಇಂಗ್ಲಿಷಿನ ಪಂಕ್ತಿ ಬೇರೆ. ಅಲ್ಲಿ ಒಂದು ಪದದಲ್ಲಿ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಉಳಿದವು ಕುಗ್ಗಿ, ಮಸುಕಾಗಿ, ಕೆಲವೊಮ್ಮೆ ಕಾಣೆಯಾಗುತ್ತವೆ. ನಾವು 'ವೆಜಿಟೇಬಲ್' ಎಂದು ನಾಲ್ಕು ಅಕ್ಷರಗಳನ್ನೂ ಗೌರವಿಸುತ್ತೇವೆ. ಇಂಗ್ಲಿಷರ ಬಾಯಲ್ಲಿ ಅದು 'ವೆಜ್‌ಟಬ್ಲ್'. 'ಫೋಟೋಗ್ರಾಫ್' ಎಂಬಲ್ಲಿ ಮೊದಲ ಅಕ್ಷರದ ಮೇಲಿದ್ದ ಒತ್ತು, ಛಾಯಾಗ್ರಾಹಕನನ್ನು ಹೆಸರಿಸುವಾಗ ಎರಡನೆಯದಕ್ಕೆ ಜರುಗಿ 'ಫಟಾಗ್ರಫರ್' ಎಂದಾಗುತ್ತದೆ. 'ಆಫ್', 'ಟು', 'ಅಂಡ್', 'ವಾಸ್' ಮುಂತಾದ ಕಿರುಪದಗಳು ವಾಕ್ಯದೊಳಗೆ ಬರಿಯ ಉಸಿರಾಗಿಬಿಡುತ್ತವೆ. ಪುಸ್ತಕದಲ್ಲಿ ಅವನ್ನು ಸ್ಪಷ್ಟವಾಗಿ ಕಂಡಿದ್ದ ವಿದ್ಯಾರ್ಥಿ ಕಿವಿಯಿಂದ ಅವನ್ನು ಹುಡುಕುತ್ತ ನಿಲ್ಲುತ್ತಾನೆ. ಹುಡುಕುತ್ತಿರುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ.

'ಕ್ಯಾನ್' ಮತ್ತು 'ಕಾಂಟ್' ಎಂಬ ಎರಡನ್ನು ನೋಡಿರಿ. ಆಗುತ್ತದೆ, ಆಗುವುದಿಲ್ಲ ಎಂಬಷ್ಟು ದೂರದ ಅರ್ಥಗಳು. ಕೊನೆಯ 'ಟ್' ಕೇಳಿಸಿತೇ ಇಲ್ಲವೇ ಎಂದು ವಿದ್ಯಾರ್ಥಿ ಕಿವಿ ನಿಮಿರಿಸುತ್ತಾನೆ. ಆದರೆ ವೇಗದ ಮಾತಿನಲ್ಲಿ ಆ 'ಟ್' ಬಹಳ ಸಲ ಕೇಳಿಸುವುದೇ ಇಲ್ಲ. ಹೌದೆನ್ನುವ ವಾಕ್ಯದಲ್ಲಿ 'ಕ್ಯಾನ್' ಎಂಬುದು 'ಕನ್' ಎಂದು ಕುಗ್ಗುತ್ತದೆ, ಇಲ್ಲವೆನ್ನುವಾಗ ಸ್ವರ ತುಂಬಿ ನಿಲ್ಲುತ್ತದೆ. ಗುರುತು ಇರುವುದು ಸ್ವರದಲ್ಲಿ. ಇದನ್ನು ಒಮ್ಮೆ ಹೇಳಿಕೊಟ್ಟು ಹತ್ತು ವಾಕ್ಯಗಳನ್ನು ಕೇಳಿಸಿದರೆ, ಎಂಟನೆಯ ತರಗತಿಯ ಮಕ್ಕಳು ತಪ್ಪಿಲ್ಲದೆ ಕೈ ಎತ್ತುತ್ತಾರೆ.

ಇನ್ನೊಂದು ತೊಡಕು ನಮ್ಮ ವಾಕ್ಯರಚನೆಯಿಂದ ಬಂದದ್ದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಿಷೇಧವೂ ಅದರ ಬಾಲದಲ್ಲೇ ಇರುತ್ತದೆ. 'ನಾಳೆ ಬೆಳಿಗ್ಗೆ ಅವರು ನಮ್ಮ ಮನೆಗೆ ಊಟಕ್ಕೆ ಬರುವು' ಎಂಬವರೆಗೆ ಹೇಳಿದರೂ ಬರುತ್ತಾರೋ ಇಲ್ಲವೋ ತೀರ್ಮಾನವಾಗಿರುವುದಿಲ್ಲ. ಆದ್ದರಿಂದ ಕನ್ನಡದ ಕಿವಿ ಕೊನೆಗಾಗಿ ಕಾಯುವ ಕಿವಿ. ಇಂಗ್ಲಿಷ್ ತನ್ನ ನಿಷೇಧವನ್ನು ವಾಕ್ಯದ ಮೊದಲಲ್ಲೇ ಸಣ್ಣ ದನಿಯಲ್ಲಿ ಹೇಳಿ ಮುಂದೆ ಹೋಗುತ್ತದೆ. ನಮ್ಮ ಹುಡುಗ ಬಾಗಿಲಲ್ಲಿ ಕಾಯುತ್ತಿರುವಾಗ ಅತಿಥಿ ಹಿತ್ತಲಿಂದ ಬಂದು ಹೋಗಿರುತ್ತಾನೆ.

ಅಲ್ಲದೆ ಅಚ್ಚಗನ್ನಡದ ಪದಗಳು ಸ್ವರದಿಂದ ಮುಗಿಯುತ್ತವೆ. ಹೊರಗಿನಿಂದ ಬಂದ ಪದಗಳಿಗೂ ನಾವು ಸ್ವರದ ಬಾಲ ಅಂಟಿಸಿ ಬಸ್ಸು, ಕಾರು, ಕೋರ್ಟು ಎನ್ನುತ್ತೇವೆ. ಪದದ ಕೊನೆಯ ವ್ಯಂಜನವನ್ನು ಹಿಡಿಯುವ ಅಭ್ಯಾಸ ನಮ್ಮ ಕಿವಿಗೆ ಕಡಿಮೆ. ಇಂಗ್ಲಿಷ್ ತನ್ನ ಭೂತಕಾಲವನ್ನೂ ಬಹುವಚನವನ್ನೂ ಇಟ್ಟಿರುವುದು ಆ ಕೊನೆಯ ವ್ಯಂಜನದಲ್ಲೇ. 'ವಾಕ್ಟ್' ಎಂಬುದನ್ನು 'ವಾಕೆಡ್' ಎಂದು ಓದಿ ಕಲಿತ ವಿದ್ಯಾರ್ಥಿಗೆ ನಿಜವಾದ ಉಚ್ಚಾರ ಕೇಳಿಸಿದಾಗ ಅದು ವರ್ತಮಾನವೋ ಭೂತವೋ ತಿಳಿಯದು. ಬರವಣಿಗೆಯಲ್ಲಿ ಅವನು ಮಾಡುವ ಕಾಲದ ತಪ್ಪುಗಳಿಗೆ ನಾವು ಕೆಂಪು ಶಾಯಿ ಸುರಿಯುತ್ತೇವೆ. ಅವುಗಳಲ್ಲಿ ಕೆಲವಕ್ಕಾದರೂ ಮೂಲ ಕಿವಿಯಲ್ಲಿದೆಯೆಂದು ನನ್ನ ಅನುಮಾನ.

ಈಗ ನನಗೆ ಬಹು ಪ್ರಿಯವಾದ ಒಂದು ಸಂಗತಿಗೆ ಬರುತ್ತೇನೆ. ಇಂಗ್ಲಿಷರು ಪದಗಳನ್ನು ನುಂಗಿ ಮಾತನಾಡುತ್ತಾರೆ, ಪದದಿಂದ ಪದವನ್ನು ಬೇರ್ಪಡಿಸುವುದೇ ಕಷ್ಟ ಎಂದು ನಮ್ಮ ವಿದ್ಯಾರ್ಥಿಗಳು ದೂರುತ್ತಾರೆ. ಅದೇ ವಿದ್ಯಾರ್ಥಿಗಳು ಹಿಂದಿನ ಗಂಟೆಯಲ್ಲಿ ಕನ್ನಡ ಪಂಡಿತರ ಬಳಿ ಸಂಧಿಪ್ರಕರಣ ಓದಿರುತ್ತಾರೆ! 'ಮನೆ' ಎಂಬುದಕ್ಕೆ 'ಅನ್ನು' ಸೇರಿದಾಗ ನಡುವೆ ಯಕಾರ, 'ಗುರು' ಎಂಬುದಕ್ಕೆ 'ಅನ್ನು' ಸೇರಿದಾಗ ವಕಾರ ಬರುತ್ತದೆ ಎಂದು ಅವರಿಗೆ ಬಾಯಿಪಾಠವಾಗಿದೆ. ಇಂಗ್ಲಿಷಿನಲ್ಲಿ 'ಸೀ ಇಟ್' ಎಂಬುದು ಮಾತಿನಲ್ಲಿ 'ಸೀಯಿಟ್' ಎಂದೂ, 'ಗೋ ಆನ್' ಎಂಬುದು 'ಗೋವಾನ್' ಎಂದೂ ಕೇಳಿಸುತ್ತದೆ. ಇದು ಆಗಮ ಸಂಧಿಯಲ್ಲದೆ ಮತ್ತೇನು? 'ಮಳೆ' ಮತ್ತು 'ಕಾಲ' ಸೇರಿ 'ಮಳೆಗಾಲ'ವಾದಂತೆ 'ವುಡ್ ಯು' ಎಂಬುದು 'ವುಜು' ಎಂದೂ, 'ಟೆನ್ ಬಾಯ್ಸ್' ಎಂಬುದು 'ಟೆಂಬಾಯ್ಸ್' ಎಂದೂ ಆದೇಶ ಪಡೆಯುತ್ತದೆ. 'ನೆಕ್ಸ್ಟ್ ಡೇ' ಎಂಬಲ್ಲಿ ನಡುವಿನ 'ಟ್' ಲೋಪವಾಗಿ 'ನೆಕ್ಸ್‌ಡೇ' ಉಳಿಯುತ್ತದೆ; ನಮ್ಮಲ್ಲಿ ಲೋಪವಾಗುವುದು ಸ್ವರ, ಅವರಲ್ಲಿ ವ್ಯಂಜನ, ಅಷ್ಟೇ ಭೇದ. ನಾವು ಸಂಧಿಯನ್ನು ಬರವಣಿಗೆಯಲ್ಲೂ ತೋರಿಸುತ್ತೇವೆ. ಅವರು ಬರೆಯುವಾಗ ಬಿಡಿಸಿ ಬರೆದು, ಆಡುವಾಗ ಕೂಡಿಸಿ ಆಡುತ್ತಾರೆ. ಕನ್ನಡ ಪಾಠದಲ್ಲಿ ಪದವಿಂಗಡಣೆ ಮಾಡಿ ಪಳಗಿದ ಹುಡುಗನಿಗೆ, "ಇಂಗ್ಲಿಷರು ಸಂಧಿ ಮಾಡಿ ಮಾತಾಡುತ್ತಾರಪ್ಪ, ನೀನು ಬಿಡಿಸಿ ಬರೆ" ಎಂದು ಹೇಳಿದರೆ ಅವನ ಮುಖದಲ್ಲಿ ಒಂದು ಧೈರ್ಯ ಮೂಡುವುದನ್ನು ನಾನು ಕಂಡಿದ್ದೇನೆ. ಹಾಗೆಯೇ 'ಏನು ಮಾಡುತ್ತಿದ್ದೀಯೆ' ಎಂಬ ಗ್ರಂಥಸ್ಥ ವಾಕ್ಯವನ್ನೂ 'ಏನ್ಮಾಡ್ತಿದೀಯ' ಎಂಬ ಮಾತನ್ನೂ ಒಂದರ ಕೆಳಗೊಂದು ಬರೆದು, ಪುಸ್ತಕದಿಂದ ಕನ್ನಡ ಕಲಿತ ಪರದೇಶದವನೊಬ್ಬ ನಮ್ಮ ಬೀದಿಯಲ್ಲಿ ನಿಂತರೆ ಅವನ ಗತಿಯೇನೆಂದು ಕೇಳಿನೋಡಬೇಕು. ತರಗತಿ ನಗುತ್ತದೆ, ತಾವೂ ಅವನ ಸ್ಥಾನದಲ್ಲೇ ಇದ್ದೇವೆಂಬುದು ಮರುಕ್ಷಣ ಹೊಳೆಯುತ್ತದೆ.

ಇಷ್ಟೆಲ್ಲ ಇದ್ದರೂ ತರಗತಿಯಲ್ಲಿ ನಡೆಯುವುದೇನು? ಉಪಾಧ್ಯಾಯರು ಒಂದು ವಾಕ್ಯ ಓದುತ್ತಾರೆ; ಒಡನೆಯೇ ಅದರ ಕನ್ನಡಾರ್ಥ ಹೇಳುತ್ತಾರೆ; ಮತ್ತೊಂದು ವಾಕ್ಯ, ಮತ್ತೆ ಅರ್ಥ. ನಾನೂ ಬಹುಕಾಲ ಹೀಗೆಯೇ ಪಾಠ ಹೇಳಿದೆ. ದಯೆಯಿಂದ ಹುಟ್ಟಿದ ಪದ್ಧತಿ ಇದು. ಮಕ್ಕಳಿಗೆ ತಿಳಿಯಲಿ ಎಂಬ ಕಳಕಳಿಯೇ ಅದರ ಹಿಂದಿರುವುದು. ಆದರೆ ಅದರ ಫಲವನ್ನು ಯೋಚಿಸಿ. ಇಂಗ್ಲಿಷ್ ವಾಕ್ಯ ಬಂದಾಗ ಕಿವಿ ಮುಚ್ಚಿದ್ದರೂ ನಷ್ಟವಿಲ್ಲ, ಅರ್ಥ ಹೇಗೂ ಮುಂದಿನ ಉಸಿರಿನಲ್ಲಿ ಬರುತ್ತದೆ ಎಂದು ಮಗು ಒಂದೇ ವಾರದಲ್ಲಿ ಕಲಿತುಬಿಡುತ್ತದೆ. ಹತ್ತು ವರ್ಷ ಆ ಮಗು ಅಭ್ಯಾಸ ಮಾಡುವುದು ಇಂಗ್ಲಿಷನ್ನು ಕೇಳದೆ ಕಾಯುವ ವಿದ್ಯೆಯನ್ನು. ಕನ್ನಡವನ್ನು ತರಗತಿಯಿಂದ ಹೊರಗಟ್ಟಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೊರಗಟ್ಟಿದವರ ತರಗತಿಗಳನ್ನೂ ನೋಡಿದ್ದೇನೆ, ಅಲ್ಲಿ ಮೌನ ಮಾತ್ರ ಉಳಿದಿತ್ತು. ಕೇಳಿಸುವ ಮುಂಚೆ ಕನ್ನಡ ಬರಲಿ, ಕೇಳಿಸಿದ ಮೇಲೆ ಚರ್ಚೆಗೆ ಬರಲಿ. ಕೇಳುತ್ತಿರುವ ಆ ಎರಡು ಮೂರು ನಿಮಿಷ ಮಾತ್ರ ಅದು ಬಾಗಿಲಾಚೆ ನಿಂತಿರಲಿ.

ಇನ್ನೊಂದು ತಪ್ಪು ಸುಧಾರಿತ ಶಾಲೆಗಳಲ್ಲೂ ನಡೆಯುತ್ತದೆ. ಧ್ವನಿಮುದ್ರಿಕೆಯೊಂದನ್ನು ಹಾಕುವುದು, ಐದು ಪ್ರಶ್ನೆ ಕೇಳುವುದು, ಸರಿ ತಪ್ಪು ಗುರುತಿಸಿ ಅಂಕ ಕೊಡುವುದು, ಮುಂದಿನ ಪಾಠಕ್ಕೆ ಹೋಗುವುದು. ಇಂಗ್ಲೆಂಡಿನ ವಿದ್ವಾಂಸ ಜಾನ್ ಫೀಲ್ಡ್ ಅವರು 2008ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ರಮವನ್ನು ಕಟುವಾಗಿಯೇ ವಿಮರ್ಶಿಸಿದ್ದಾರೆ. ಇಲ್ಲಿ ಕೇಳುವುದನ್ನು ಪರೀಕ್ಷಿಸಿದಂತಾಯಿತೇ ಹೊರತು ಕಲಿಸಿದಂತಾಗಲಿಲ್ಲ. ತಪ್ಪು ಉತ್ತರ ಬಂದಾಗ ಎಲ್ಲಿ, ಏಕೆ ಕಿವಿ ಎಡವಿತು ಎಂದು ಹಿಂದಿರುಗಿ ನೋಡುವುದೇ ಉಪಾಧ್ಯಾಯರ ಕೆಲಸ ಎಂಬುದು ಅವರ ವಾದದ ಸಾರ. ಗಣಿತದ ಮೇಷ್ಟ್ರು ಉತ್ತರ ತಪ್ಪಾದರೆ ಹುಡುಗ ಯಾವ ಹಂತದಲ್ಲಿ ತಪ್ಪಿದನೆಂದು ನೋಡುತ್ತಾರಲ್ಲವೆ? ಭಾಷೆಯ ಮೇಷ್ಟ್ರಿಗೂ ಅದೇ ಧರ್ಮ.

ಒಂದು ಪಾಠವನ್ನೇ ಉದಾಹರಣೆಗೆ ಕೊಡುತ್ತೇನೆ. ನಮ್ಮ ಊರಿನ ಒಂದು ಸರಳ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದು, ಎಲ್ಲರಿಗೂ ನಕಲು ಮಾಡಿಕೊಳ್ಳಲು ಹೇಳಿದೆ: ಬಸ್ ನಿಲ್ದಾಣ, ಗುಡಿ, ಅಂಚೆ ಕಚೇರಿ, ನಾಲೆ, ಅದರ ಮೇಲೊಂದು ಸೇತುವೆ. ಹೊಸಬರೊಬ್ಬರು ಬಸ್ಸಿಳಿದು ಆಸ್ಪತ್ರೆಗೆ ಹೋಗಬೇಕಾಗಿದೆ, ದಾರಿಯನ್ನು ಇಂಗ್ಲಿಷಿನಲ್ಲಿ ಹೇಳುತ್ತೇನೆ, ಪೆನ್ಸಿಲಿನಿಂದ ಗೆರೆ ಎಳೆಯಿರಿ ಎಂದು ಕನ್ನಡದಲ್ಲಿ ತಿಳಿಸಿದೆ. ಮೊದಲ ಸಲ ಸಹಜ ವೇಗದಲ್ಲಿ ಹೇಳಿದಾಗ ಬರಿದೇ ಕೇಳುವುದು. ಎರಡನೆಯ ಸಲ ಗೆರೆ ಎಳೆಯುವುದು. ಅನಂತರ ಪಕ್ಕದವರೊಡನೆ ಹೋಲಿಸಿ ನೋಡುವುದು. ಹೋಲಿಸಿದಾಗ ಗದ್ದಲವೆದ್ದಿತು. ಅರ್ಧ ತರಗತಿ ಸೇತುವೆಯ ಈಚೆಯೇ ಎಡಕ್ಕೆ ತಿರುಗಿತ್ತು. ಉಳಿದರ್ಧ ನಾಲೆಯನ್ನು ದಾಟಿ ಆಚೆ ದಡದಲ್ಲಿ ಹೋಗಿ ನಿಂತಿತ್ತು. ನಾನು ಹೇಳಿದ್ದು 'ಡೋಂಟ್ ಕ್ರಾಸ್ ದ ಬ್ರಿಡ್ಜ್' ಎಂದು. 'ಟ್' ಮತ್ತು 'ಕ್' ಒಂದರ ಮೇಲೊಂದು ಬಿದ್ದು ನಿಷೇಧದ ಪದ ಮಸುಕಾಗಿತ್ತು. ಕೊನೆಗಾಗಿ ಕಾದಿದ್ದ ಕಿವಿಗಳಿಗೆ 'ಕ್ರಾಸ್' ಮಾತ್ರ ದಕ್ಕಿತ್ತು.

ಹಿಂದಿನ ನಾನಾಗಿದ್ದರೆ ಸರಿಯುತ್ತರವನ್ನು ಹೇಳಿ ಮುಗಿಸುತ್ತಿದ್ದೆ. ಆ ದಿನ ಹಾಗೆ ಮಾಡಲಿಲ್ಲ. ಅದೊಂದೇ ವಾಕ್ಯವನ್ನು ಮತ್ತೆ ಮೂರು ಸಲ, ವೇಗ ಬದಲಿಸದೆ, ಹೇಳಿದೆ. ಎಷ್ಟು ಪದಗಳು ಕೇಳಿಸಿದವು ಎಂದು ಎಣಿಸಲು ಹೇಳಿದೆ. ಕೆಲವರು ಮೂರು, ಕೆಲವರು ನಾಲ್ಕು ಎಂದರು. ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಯಾವುದು ಕುಗ್ಗಿತು, ಯಾವುದು ಲೋಪವಾಯಿತು ಎಂದು ಅವರಿಂದಲೇ ಹೇಳಿಸಿದೆ. ಆಮೇಲೆ ಬೋರ್ಡನ್ನು ಒರೆಸಿ ಇನ್ನೊಮ್ಮೆ ಕೇಳಿಸಿದೆ. ಈ ಕಡೆಯ ಹೆಜ್ಜೆಯನ್ನು ಬಿಡಬಾರದು. ಬರಹವನ್ನು ಕಂಡ ಕಣ್ಣು ಕಿವಿಗೆ ದಾರಿ ತೋರಿಸಿರುತ್ತದೆ. ಬರಹವಿಲ್ಲದೆ ಆ ದಾರಿಯಲ್ಲಿ ಕಿವಿ ತಾನೇ ಒಮ್ಮೆ ನಡೆಯಬೇಕು. ಇಡೀ ಪಾಠಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣ.

ಹಳೆಯ ಉಕ್ತಲೇಖನವನ್ನೂ ಹೀಗೆಯೇ ಜೀವಂತಗೊಳಿಸಬಹುದು. ಪದಪದವನ್ನೂ ಬಿಡಿಸಿ ಹೇಳಿ ಬರೆಸುವುದರಿಂದ ಕಾಗುಣಿತ ತಿದ್ದಬಹುದು, ಕಿವಿ ತಿದ್ದದು. ರೂತ್ ವಾಜ್ನ್ರಿಬ್ ಅವರು 1990ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಚಾರಕ್ಕೆ ಬಂದ ಕ್ರಮದಲ್ಲಿ ಐದಾರು ವಾಕ್ಯಗಳ ಸಣ್ಣ ಗದ್ಯವನ್ನು ಸಹಜ ವೇಗದಲ್ಲಿ ಎರಡು ಸಲ ಓದುತ್ತಾರೆ. ವಿದ್ಯಾರ್ಥಿಗಳು ಸಿಕ್ಕಿದಷ್ಟು ಮುಖ್ಯ ಪದಗಳನ್ನು ಗುರುತು ಹಾಕಿಕೊಂಡು, ನಾಲ್ಕು ನಾಲ್ಕು ಜನ ಒಟ್ಟಿಗೆ ಕುಳಿತು ಗದ್ಯವನ್ನು ಮರಳಿ ಕಟ್ಟುತ್ತಾರೆ. ಒಬ್ಬನಿಗೆ ಸಿಕ್ಕ ಪದ ಇನ್ನೊಬ್ಬನಿಗೆ ಸಿಕ್ಕಿರುವುದಿಲ್ಲ. ಆದ್ದರಿಂದ ಒಬ್ಬರನ್ನೊಬ್ಬರು ಕೇಳಲೇಬೇಕಾಗುತ್ತದೆ. ಕನ್ನಡದ 'ಕೇಳು' ಇಲ್ಲಿ ತನ್ನ ಎರಡು ಅರ್ಥಗಳನ್ನೂ ಒಟ್ಟಿಗೆ ಸಾಧಿಸುತ್ತದೆ. ಅರುವತ್ತು ಮಕ್ಕಳ ತರಗತಿಗೂ ಹೊಂದುವ ಕ್ರಮವಿದು. ಗದ್ದಲವಾಗುತ್ತದೆ, ಪಕ್ಕದ ಕೋಣೆಯವರು ಆಕ್ಷೇಪಿಸುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು.

ಕೇಳಿದೊಡನೆ ಮಾತಾಡಬೇಕೆಂಬ ಒತ್ತಾಯವನ್ನೂ ಸಡಿಲಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ ಅವರು 1960ರ ದಶಕದಲ್ಲಿ, ಕಲಿಯುವವರಿಗೆ ಹೊಸ ಭಾಷೆಯಲ್ಲಿ ಆಜ್ಞೆಗಳನ್ನು ಮಾತ್ರ ಕೊಟ್ಟು, ಅವರು ಬಾಯಿ ತೆರೆಯದೆ ಅದರಂತೆ ನಡೆದು, ಕುಳಿತು, ತಿರುಗಿ ತೋರಿಸಿದರೆ ಸಾಕೆಂಬ ವಿಧಾನವನ್ನು ರೂಪಿಸಿದರು. ತಾಯಿಯ ಮಾತಿಗೆ ಮಗು ಮಾತು ಬರುವ ಮುನ್ನವೇ ಚೆಂಡು ತಂದುಕೊಡುವುದಿಲ್ಲವೆ? ಪ್ರೌಢಶಾಲೆಯ ಮಕ್ಕಳಿಗೆ ಕುಣಿದು ತೋರಿಸುವುದು ಸಂಕೋಚವೆನಿಸಬಹುದು. ಅವರಿಗೆ ಹೆಚ್ಚು ಒಪ್ಪುವಂಥ ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಲ್ಲಿಯೇ ಜಗತ್ತಿಗೆ ಪರಿಚಿತವಾಗಿದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಈ ಪ್ರಯೋಗದಲ್ಲಿ ಮಕ್ಕಳಿಗೆ ವ್ಯಾಕರಣವನ್ನು ನೇರವಾಗಿ ಬೋಧಿಸಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಲೆಕ್ಕಾಚಾರ ಮುಂತಾದ ಬಿಡಿಸಬೇಕಾದ ಸಮಸ್ಯೆಗಳನ್ನು ಕೊಟ್ಟು, ಉಪಾಧ್ಯಾಯರು ಇಂಗ್ಲಿಷಿನಲ್ಲಿ ಧಾರಾಳವಾಗಿ ಮಾತನಾಡುತ್ತ ಹೋದರು. ಮಕ್ಕಳು ಸಣ್ಣ ಉತ್ತರ ಕೊಟ್ಟರೆ ಸಾಕಾಗಿತ್ತು. ಮನಸ್ಸು ಸಮಸ್ಯೆಯ ಮೇಲಿದ್ದಾಗ ಭಾಷೆ ಮರೆಯಿಂದ ಒಳಸೇರುತ್ತದೆಂಬುದು ಅವರ ನಂಬಿಕೆ. ಅದು ವ್ಯಾಕರಣವನ್ನು ಎಷ್ಟರಮಟ್ಟಿಗೆ ಕಲಿಸಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಕೇಳುವ ಕಿವಿಯನ್ನು ಬೆಳೆಸಲು ಅದಕ್ಕಿಂತ ಒಳ್ಳೆಯ ಕ್ರಮ ನಮ್ಮ ಶಾಲೆಗಳಲ್ಲಿ ನಡೆದದ್ದನ್ನು ನಾನು ಕಾಣೆ.

ಯಾರ ಇಂಗ್ಲಿಷನ್ನು ಕೇಳಿಸಬೇಕು ಎಂಬ ಪ್ರಶ್ನೆಯನ್ನು ಅನೇಕರು ಎತ್ತುತ್ತಾರೆ. ನನ್ನ ಉಚ್ಚಾರ ಸರಿಯಿಲ್ಲ, ನಾನು ಹೇಗೆ ಕೇಳಿಸಲಿ ಎಂದು ಹಿಂಜರಿಯುವ ಉಪಾಧ್ಯಾಯರೂ ಉಂಟು. ಆ ಹಿಂಜರಿಕೆ ಬೇಡ. ನಮ್ಮ ವಿದ್ಯಾರ್ಥಿ ನಾಳೆ ಕೇಳಬೇಕಾದದ್ದು ಬಹುಪಾಲು ಭಾರತೀಯರ ಇಂಗ್ಲಿಷನ್ನೇ: ಕಾಲೇಜಿನ ಅಧ್ಯಾಪಕರದು, ಬ್ಯಾಂಕಿನವರದು, ಕಾರ್ಖಾನೆಯ ಮೇಲಧಿಕಾರಿಗಳದು. ಒತ್ತಿನ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಅಗತ್ಯ. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಿಂದ 1969ರಲ್ಲಿ ಪ್ರಕಟವಾದ ಆರ್. ಕೆ. ಬನ್ಸಲ್ ಅವರ ಅಧ್ಯಯನವು, ಭಾರತೀಯರ ಇಂಗ್ಲಿಷ್ ಪರದೇಶದವರಿಗೆ ತಿಳಿಯದೆ ಹೋಗಲು ಪದದ ಒತ್ತು ತಪ್ಪುವುದು ಒಂದು ಮುಖ್ಯ ಕಾರಣವೆಂದು ತೋರಿಸಿತು. ಬಾಯಿಗೆ ಅನ್ವಯಿಸುವುದು ಕಿವಿಗೂ ಅನ್ವಯಿಸುತ್ತದೆ.

ಉಪಾಧ್ಯಾಯರದೊಂದೇ ದನಿಗೆ ಕಿವಿ ಕಟ್ಟಿಬೀಳದಂತೆ ಬೇರೆ ದನಿಗಳನ್ನೂ ತರಬೇಕು. ಒಂದು ಕಾಲದಲ್ಲಿ ಇದಕ್ಕೆ ಟೇಪ್ ರೆಕಾರ್ಡರ್ ಬೇಕಾಗಿತ್ತು. ಅದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗಿರುತ್ತಿತ್ತು. ಈಗ ಉಪಾಧ್ಯಾಯರ ಜೇಬಿನಲ್ಲಿರುವ ಮೊಬೈಲ್ ಫೋನೇ ಧ್ವನಿಮುದ್ರಣ ಯಂತ್ರ. ಆಕಾಶವಾಣಿಯ ಇಂಗ್ಲಿಷ್ ವಾರ್ತೆಗಳಿವೆ. ಬೆಳಿಗ್ಗೆ ಕನ್ನಡದ ಪತ್ರಿಕೆ ಓದಿದ ಮಗುವಿಗೆ ಅದೇ ಸುದ್ದಿ ಇಂಗ್ಲಿಷಿನಲ್ಲಿ ಕೇಳಿದಾಗ ಅರ್ಧ ದಾರಿ ಸವೆದಿರುತ್ತದೆ. ಅರಸೀಕೆರೆಯಂಥ ರೈಲು ನಿಲ್ದಾಣದಲ್ಲಿ ಒಂದೇ ಪ್ರಕಟಣೆಯನ್ನು ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಒಂದಾದ ಮೇಲೊಂದರಂತೆ ಹೇಳುತ್ತಾರೆ. ಗಾಡಿಯ ಐದು ಅಂಕಿಗಳ ಸಂಖ್ಯೆ, ಹೊರಡುವ ವೇಳೆ, ಪ್ಲಾಟ್‌ಫಾರಂ ಎಲ್ಲವೂ ಆಗಲೇ ಕನ್ನಡದಲ್ಲಿ ತಿಳಿದಿರುವುದರಿಂದ, ಇಂಗ್ಲಿಷ್ ಪ್ರಕಟಣೆ ಕಿವಿಗೆ ಒಳ್ಳೆಯ ಗರಡಿ. 'ಥರ್ಟೀನ್' ಮತ್ತು 'ಥರ್ಟಿ', 'ಫಿಫ್ಟೀನ್' ಮತ್ತು 'ಫಿಫ್ಟಿ' ಇವುಗಳ ಗೊಂದಲವನ್ನು ಅಲ್ಲಿಯೇ ಬಿಡಿಸಬಹುದು. 1959ರಲ್ಲಿ ವಾಯ್ಸ್ ಆಫ್ ಅಮೆರಿಕ ಬಾನುಲಿಯು ಸುಮಾರು 1500 ಪದಗಳ ಮಿತಿಯಲ್ಲಿ, ನಿಧಾನವಾದ ವೇಗದಲ್ಲಿ ವಾರ್ತೆಗಳನ್ನು ಓದುವ ಕ್ರಮವನ್ನು ಆರಂಭಿಸಿತು. ಅನೇಕ ದೇಶಗಳ ಜನ ಅದನ್ನು ಕೇಳಿ ಇಂಗ್ಲಿಷ್ ಕಲಿತರು.

ನಿಧಾನದ ಬಗ್ಗೆ ಒಂದು ಮಾತು ಸೇರಿಸಬೇಕು. ಪದಗಳನ್ನು ಎಳೆದೆಳೆದು ಹೇಳಿದರೆ ಒತ್ತು ಅಳಿಸಿಹೋಗುತ್ತದೆ, ಸಂಧಿ ಬಿಚ್ಚಿಹೋಗುತ್ತದೆ; ಮಗು ಕಲಿಯುವುದು ಲೋಕದಲ್ಲಿ ಯಾರೂ ಆಡದ ಒಂದು ಇಂಗ್ಲಿಷನ್ನು. ಪದಗಳ ಗುಚ್ಛವನ್ನು ಸಹಜವಾಗಿ ಹೇಳಿ, ಗುಚ್ಛಕ್ಕೂ ಗುಚ್ಛಕ್ಕೂ ನಡುವೆ ಹೆಚ್ಚು ಹೊತ್ತು ನಿಲ್ಲಿಸುವುದು ಸರಿಯಾದ ನಿಧಾನ. ವರ್ಷ ಮುಂದುವರಿದಂತೆ ಆ ನಿಲುಗಡೆಗಳನ್ನು ಕಡಿಮೆ ಮಾಡುತ್ತ ಹೋಗಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಗು ಸದಾ ಪಕ್ಕದವರ ಪುಸ್ತಕವನ್ನೇ ನೋಡುತ್ತಿದ್ದರೆ, ಅದನ್ನು ದಡ್ಡತನವೆಂದೋ ಸೋಮಾರಿತನವೆಂದೋ ತಿಳಿಯುವ ಮುನ್ನ, ಕನ್ನಡದಲ್ಲಾದರೂ ಅದಕ್ಕೆ ಸರಿಯಾಗಿ ಕೇಳಿಸುತ್ತಿದೆಯೇ ಎಂದು ನೋಡಬೇಕು. ಬಾಲ್ಯದಲ್ಲಿ ಕಿವಿ ಸೋರಿ ಅರ್ಧ ಕಿವುಡಾದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗೆ ಎಲ್ಲ ಅನುಕೂಲಗಳೂ ಇವೆ. ಕೊನೆಯ ಬೆಂಚಿನಿಂದ ಮೊದಲ ಬೆಂಚಿಗೆ ಕರೆದು ಕೂರಿಸುವುದಕ್ಕಂತೂ ಯಾವ ಸಂಸ್ಥೆಯೂ ಬೇಡ.

ಪಠ್ಯಕ್ರಮ ಮುಗಿಸುವ ಅವಸರದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವ ಸ್ನೇಹಿತರಿಗೆ ನಾನು ಸೂಚಿಸುವುದು ಒಂದೇ ಸಣ್ಣ ಆರಂಭ. ಪುಸ್ತಕ ತೆರೆಯಿರಿ, ಹಿಂದಿನ ಪುಟಕ್ಕೆ ಹೋಗಿ, ಈ ಸಾಲಿನವರು ಎದ್ದು ನಿಲ್ಲಿ ಎಂಬಂಥ ನಿತ್ಯದ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಿ, ಅನುವಾದ ಮಾಡದೆ ಕಾಯುವುದು. ಒಂದು ನಿಮಿಷ ಯಾರೂ ಅಲುಗಾಡದಿದ್ದರೂ ಕಾಯುವುದು. ನಾನು ಇದನ್ನು ಮೊದಲು ಮಾಡಿದ ವರ್ಷ, ಮೊದಲ ವಾರವೆಲ್ಲ ಮಕ್ಕಳು ನನ್ನ ಮುಖವನ್ನೂ ಒಬ್ಬರ ಮುಖವನ್ನೊಬ್ಬರೂ ನೋಡುತ್ತ ಕುಳಿತರು. ಮೂರನೆಯ ವಾರ ಒಂದು ಮಧ್ಯಾಹ್ನ ಜೋರಾಗಿ ಮಳೆ ಹೊಡೆಯತೊಡಗಿತು. ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದ ನಾನು, ಕೈಸನ್ನೆಯನ್ನೂ ಮಾಡದೆ, ಕಿಟಕಿ ಮುಚ್ಚುವಂತೆ ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ ಸದ್ದು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಅವನು ಅಗುಳಿ ಹಾಕುತ್ತಿದ್ದ.